ಮೀಟರಿಗೆ ಕಾಣದ ನೀರು

"ಹಿಂದಿನ ದಿನ ಟ್ಯಾಂಕ್ ತೊಳೆದದ್ದು ನಿಜ ತಾನೆ?"

ಇನ್ಸ್‌ಪೆಕ್ಟರ್ ಕೇಳಿದ್ದನ್ನೇ ಮತ್ತೆ ಕೇಳಿದಳು. ಕಂಟ್ರೋಲ್ ರೂಮಿನ ಪರದೆಯ ಮೇಲೆ ಎಡದಿಂದ ಬಲಕ್ಕೆ ಓಡಿದ್ದ ಹಸಿರು ಗೆರೆಯಿಂದ ಆಕೆ ಕಣ್ಣು ಕಿತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಮೀಟರ್ ಎಂಜಿನಿಯರ್, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹೆಣ್ಣುಮಗಳು, ಹೌದೆಂದು ತಲೆಯಾಡಿಸಿದಳು. ತೊಳೆಯುವಾಗ ತಾನೂ ಅಲ್ಲೇ ಇದ್ದೆ, ಇನ್ನೂ ನಾಲ್ಕಾರು ಜನ ಇದ್ದರು, ಬೇಕಾದರೆ ಯಾರನ್ನಾದರೂ ಕೇಳಿ ನೋಡಿ ಎಂದಳು.

"ಹಾಗಾದ್ರೆ ಇಲ್ಲಿ ನೋಡಿ." ಇನ್ಸ್‌ಪೆಕ್ಟರ್ ಗೆರೆಯ ಮೇಲೆ ಬೆರಳಿಟ್ಟಳು. "ತೊಳೆದದ್ದನ್ನ ನೀವು ನೋಡಿದೀರಿ, ನಾಲ್ಕಾರು ಜನ ನೋಡಿದಾರೆ. ಈ ಮೀಟರ್ ಮಾತ್ರ ಯಾಕೆ ನೋಡಿಲ್ಲ?"

ಎಂಜಿನಿಯರಳ ಕೈ ಮೌಸಿನ ಮೇಲೇ ನಿಂತುಹೋಯಿತು.

ಆಸ್ಪತ್ರೆಗಳಿಗೆ ಡ್ರಿಪ್ಪಿನ ಉಪ್ಪುನೀರು ತಯಾರಿಸುವ ಆ ಕಾರ್ಖಾನೆಯಲ್ಲಿ, ಖಾಲಿ ಟ್ಯಾಂಕಿನ ತಪಾಸಣೆಗೆಂದು ಒಳಗಿಳಿದಿದ್ದ ಕ್ವಾಲಿಟಿ ಆಫೀಸರ್ ಎದೆಮಟ್ಟದ ನೀರಿನಲ್ಲಿ ಹೆಣವಾಗಿ ತೇಲಿದ್ದ; ಟ್ಯಾಂಕನ್ನು ಖಾಲಿ ಮಾಡದೆ ಬಿಟ್ಟನೆಂದು ಆಪರೇಟರನನ್ನು ಲಾಕಪ್ಪಿಗೆ ಹಾಕಿದ್ದರು.

ಎಲ್ಲರ ಮಟ್ಟಿಗೆ ಕೇಸು ಮುಗಿದಿತ್ತು. ಆ ಟ್ಯಾಂಕಿಗೆ ನೀರು ಹೋಗಲು ಇರುವುದು ಒಂದೇ ಪೈಪು. ಪೈಪಿಗೆ ಮೀಟರ್ ಇದೆ. ಸಾವಿನ ದಿನ ಇಡೀ ಆ ಮೀಟರ್ ತೋರಿಸಿದ್ದು ಸೊನ್ನೆ. ಹೊಸದಾಗಿ ಹನಿ ನೀರೂ ಹೋಗಿಲ್ಲವೆಂದ ಮೇಲೆ ಒಳಗಿದ್ದದ್ದು ಹಿಂದಿನ ದಿನದ ನೀರೇ ಆಗಿರಬೇಕು. ಆಫೀಸರ್ ಕತ್ತಲಲ್ಲಿ ಕಾಲಿಟ್ಟ, ಜಾರಿದ, ತಲೆ ಹೊಡೆಸಿಕೊಂಡ, ಮುಳುಗಿದ. ಕಾರ್ಖಾನೆಯ ಮ್ಯಾನೇಜರ್ ಹೇಳಿದ್ದೂ ಅದನ್ನೇ. ಮನುಷ್ಯ ಸುಳ್ಳು ಹೇಳಬಹುದು, ಮೀಟರ್ ಸುಳ್ಳು ಹೇಳುವುದಿಲ್ಲ ಎಂದಿದ್ದ.

ಆ ಮಾತನ್ನು ಒಪ್ಪದವರು ಇಬ್ಬರೇ. ಒಬ್ಬ ಲಾಕಪ್ಪಿನಲ್ಲಿದ್ದ ಆಪರೇಟರ್. ಟ್ಯಾಂಕಿನ ತಳ ಒಣಗಿದ್ದನ್ನು ಕಣ್ಣಾರೆ ನೋಡಿಯೇ ಏಣಿ ಇಳಿಬಿಟ್ಟೆ, ಟಾರ್ಚಿಗೆ ಸೆಲ್ ತರಲು ಸ್ಟೋರಿಗೆ ಹೋದೆ, ಸ್ಟೋರಿನವನು ಊಟ ಮುಗಿಸಿ ಬರುವವರೆಗೆ ಕಾದೆ, ವಾಪಸ್ ಬಂದಾಗ ಒಳಗೆ ನೀರಿತ್ತು ಎಂದು ಅವನು ಹೇಳಿದ್ದನ್ನೇ ಹೇಳುತ್ತಿದ್ದ. ಇನ್ನೊಬ್ಬಳು ಸತ್ತವನ ಹೆಂಡತಿ. ದಿನ ಬೆಳಗಾದರೆ ಠಾಣೆಗೆ ಬಂದು ಗೋಡೆಗೆ ಒರಗದೆ ಬೆಂಚಿನ ಮೇಲೆ ಕೂರುವಳು. ಇದು ಆಕಸ್ಮಿಕವಲ್ಲ, ನನ್ನ ಗಂಡನನ್ನು ಯಾರೋ ಕೊಂದಿದ್ದಾರೆ ಎಂದು ಹೇಳಿ, ಸಂಜೆಗೆ ಎದ್ದು ಹೋಗುವಳು.

ಮೇಲಧಿಕಾರಿ ಬೆಳಿಗ್ಗೆಯೇ ಫೋನ್ ಮಾಡಿ ಫೈಲು ಮುಚ್ಚಿಬಿಡಿ ಎಂದಿದ್ದರು. ಸಂಜೆಯವರೆಗೆ ಸಮಯ ಕೊಡಿ ಸರ್ ಎಂದು ಇನ್ಸ್‌ಪೆಕ್ಟರ್ ಫೋನಿಟ್ಟಿದ್ದಳು. ಹಿಡಿದದ್ದನ್ನು ಬಿಡುವ ಜಾಯಮಾನ ಆಕೆಯದಲ್ಲ. ಬರೀ ಸಾವಿನ ದಿನದ ಗೆರೆಯನ್ನು ನೋಡಿ ಎಲ್ಲರೂ ಎದ್ದುಹೋಗಿದ್ದ ಕಡೆ, ಆಕೆ ಹಿಂದಿನ ದಿನದ್ದನ್ನೂ ತೆಗೆಸಿದ್ದಳು.

ಹಿಂದಿನ ದಿನದ ಗೆರೆಯಲ್ಲಿ ಉಪ್ಪುನೀರು ಹರಿದ ಹೊತ್ತು ಗುಡ್ಡದಂತೆ ಎದ್ದು ಕಾಣುತ್ತಿತ್ತು. ಅದಾದ ಮೇಲೆ ಟ್ಯಾಂಕ್ ತೊಳೆದ ಹೊತ್ತು. ಅಲ್ಲಿ ಮೊದಲಿಗೆ ಒಂದು ಪುಟ್ಟ ಉಬ್ಬು. ಆಮೇಲೆ ಪೂರ್ತಿ ಸೊನ್ನೆ. ಟ್ಯಾಂಕಿನ ತುಂಬ ನೀರು ಬಿಟ್ಟು ತೊಳೆದರೂ ಸೊನ್ನೆ.

"ಮೀಟರ್ ಕೆಟ್ಟಿದೆಯಾ?" ಎಂದು ಆಕೆ ಕೇಳಿದಳು.

"ಇಲ್ಲ ಮೇಡಂ." ಎಂಜಿನಿಯರಳ ದನಿ ಕುಗ್ಗಿತ್ತು. "ಮೀಟರ್ ಸರಿಯಾಗೇ ಇದೆ. ಅದಕ್ಕೆ ಆ ನೀರು ಕಾಣಲ್ಲ."

ಹಿಂದೆ ನಿಂತಿದ್ದ ಹಿರಿಯ ಪೇದೆ ಕೆಮ್ಮಿದ. ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವನು ಮೀಸೆ ಮಾಮ. ಕಾಣದ ನೀರು ಎಂಬ ಮಾತನ್ನು ಅವನು ಸರ್ವಿಸಿನಲ್ಲೇ ಮೊದಲ ಸಲ ಕೇಳುತ್ತಿದ್ದ.

ಮೂವರೂ ಟ್ಯಾಂಕಿನ ಹಾಲಿಗೆ ನಡೆದರು. ಎತ್ತರದ ಚಾವಣಿ, ಕನ್ನಡಿಯಂತೆ ಹೊಳೆಯುವ ಸ್ಟೀಲ್ ಟ್ಯಾಂಕ್, ಅದರ ನೆತ್ತಿಗೆ ಹತ್ತಲು ಕಬ್ಬಿಣದ ಮೆಟ್ಟಿಲು. ಗೋಡೆಯಾಚೆಯ ಓಣಿಯಿಂದ ಬಂದ ತೋಳುದಪ್ಪದ ಪೈಪೊಂದು ಟ್ಯಾಂಕಿನ ಬುಡಕ್ಕೆ ಸೇರುತ್ತಿತ್ತು. ಪೈಪಿನ ನಡುವೆ ಕುಂಬಳಕಾಯಿ ಗಾತ್ರದ ನೀಲಿ ಉಬ್ಬು, ಅದರ ಮೇಲೆ ಅಂಗೈಯಗಲದ ಪರದೆ. ಅದೇ ಮೀಟರ್.

ಒಳಗೆ ತಿರುಗುವ ಚಕ್ರವಿದೆಯೇ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಏನೂ ಇಲ್ಲ, ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುವ ಬರಿಯ ಕೊಳವೆ ಎಂದು ಎಂಜಿನಿಯರ್ ವಿವರಿಸತೊಡಗಿದಳು. ತನ್ನ ಕೆಲಸದ ಮಾತು ಬಂದದ್ದೇ ದನಿಗೆ ಗಟ್ಟಿತನ ಬಂತು. ಕೊಳವೆಯ ಮೇಲೊಂದು ಕೆಳಗೊಂದು ತಂತಿಯ ಸುರುಳಿ ಇದೆ; ಅವಕ್ಕೆ ಕರೆಂಟು ಕೊಟ್ಟರೆ ನಡುವೆ ಅಯಸ್ಕಾಂತದ ಸೆಳೆತ ಹುಟ್ಟುತ್ತದೆ. ವಿದ್ಯುತ್ತನ್ನು ಹರಿಯಗೊಡುವ ದ್ರವ ಆ ಸೆಳೆತವನ್ನು ಅಡ್ಡಹಾಯ್ದು ಓಡಿದಾಗ ದ್ರವದಲ್ಲೇ ಒಂದು ಚೂರು ವೋಲ್ಟೇಜ್ ಹುಟ್ಟುತ್ತದೆ. ಕೊಳವೆಯ ಎಡಬಲದಲ್ಲಿ ಅಂಗಿಗುಂಡಿಯಂಥ ಎರಡು ಲೋಹದ ಬಿಲ್ಲೆಗಳಿವೆ, ಅವು ಅದನ್ನು ಹಿಡಿಯುತ್ತವೆ. ಅದು ಕೊಳವೆಯ ಲೋಹಕ್ಕೆ ಸೋರಿಹೋಗದಿರಲೆಂದು ಒಳಮೈಗೆಲ್ಲ ರಬ್ಬರಿನಂಥ ಪದರ ಹಾಕಿರುತ್ತಾರೆ.

"ದ್ರವ ಎಷ್ಟು ಜೋರಾಗಿ ಓಡುತ್ತೋ ವೋಲ್ಟೇಜ್ ಅಷ್ಟು ಜಾಸ್ತಿ ಮೇಡಂ. ಅದರಿಂದ ವೇಗ ತಿಳಿಯುತ್ತೆ. ಕೊಳವೆ ಎಷ್ಟು ಅಗಲ ಅನ್ನೋದು ಮೊದಲೇ ಗೊತ್ತಿರುತ್ತಲ್ಲ, ಎಷ್ಟು ಹರಿಯಿತು ಅಂತ ಲೆಕ್ಕ ಸಿಗುತ್ತೆ."

ಇನ್ಸ್‌ಪೆಕ್ಟರ್ ಅಷ್ಟರಲ್ಲಿ ಒಂದು ಮಾತಿಗೆ ಗಂಟುಬಿದ್ದಿದ್ದಳು. "ವಿದ್ಯುತ್ ಹರಿಯಗೊಡೋ ದ್ರವ ಅಂದ್ರಿ. ನೀರಲ್ಲಿ ವಿದ್ಯುತ್ ಹರಿಯಲ್ವಾ? ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡ ಅಂತ ನಮ್ಮಮ್ಮ ಈಗಲೂ ಬೈತಾರೆ."

ಮನೆಯ ನೀರಿನಲ್ಲಿ ಹರಿಯುತ್ತದೆ ಎಂದಳು ಎಂಜಿನಿಯರ್. ಅದರಲ್ಲಿ ಲವಣಗಳು ಕರಗಿರುತ್ತವೆ, ವಿದ್ಯುತ್ತನ್ನು ಹೊತ್ತೊಯ್ಯುವುದು ಅವೇ. ಆದರೆ ಇಲ್ಲಿ ತೊಳೆಯಲು ಬಳಸುವ ನೀರನ್ನು ಸೋಸಿ ಸೋಸಿ ಅದರಲ್ಲಿ ಕರಗಿದ್ದನ್ನೆಲ್ಲ ತೆಗೆದುಬಿಟ್ಟಿರುತ್ತಾರೆ. ರೋಗಿಯ ರಕ್ತಕ್ಕೆ ಸೇರುವ ಔಷಧದ ಟ್ಯಾಂಕಲ್ಲವೇ. ಕೆಲಸದವರು ಅದನ್ನು ಸಪ್ಪೆ ನೀರು ಅನ್ನುತ್ತಾರೆ. ಸಪ್ಪೆ ನೀರಿನಲ್ಲಿ ವಿದ್ಯುತ್ ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಬಿಲ್ಲೆಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸಿಗದಿದ್ದರೆ ಪೈಪು ಖಾಲಿ ಇದೆಯೆಂದೇ ತಿಳಿದು ಸೊನ್ನೆ ತೋರಿಸುವಂತೆ ಮೀಟರನ್ನು ಹೊಂದಿಸಿಟ್ಟಿದ್ದಾರೆ. ಅಳೆಯಬೇಕಾದದ್ದು ಉಪ್ಪುನೀರನ್ನು; ತೊಳೆಯುವ ನೀರಿನ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಹಿಂದಿನ ದಿನದ ಗೆರೆಯಲ್ಲಿದ್ದ ಆ ಪುಟ್ಟ ಉಬ್ಬು, ಪೈಪಿನಲ್ಲಿ ಉಳಿದಿದ್ದ ಉಪ್ಪು ಕೊಚ್ಚಿಹೋದ ಗುರುತು.

ಮೀಸೆ ಮಾಮ ಗಲ್ಲ ಕೆರೆದುಕೊಂಡ. "ನಮ್ಮ ಮನೆಯೋಳೂ ಹೀಗೇ ಮೇಡಂ. ಉಪ್ಪಿಲ್ಲದ್ದು ಏನಿದ್ರೂ ಅವಳ ಕಣ್ಣಿಗೇ ಬೀಳಲ್ಲ."

ಇನ್ಸ್‌ಪೆಕ್ಟರಳ ತುಟಿಯಂಚಿನಲ್ಲಿ ನಗೆ ಸುಳಿದು ಮರೆಯಾಯಿತು. ಇಷ್ಟೆಲ್ಲ ಗೊತ್ತಿದ್ದೂ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದೇಕೆ ಎಂದು ಎಂಜಿನಿಯರಳನ್ನು ಕೇಳಿದಳು.

ಆ ಹೆಣ್ಣುಮಗಳ ಕಣ್ಣು ತುಂಬಿತು. ಮೊದಲು ಬಂದ ಪೊಲೀಸರು ಮೀಟರ್ ಸರಿಯಿದೆಯೇ ಎಂದಷ್ಟೇ ಕೇಳಿದರು, ಸರಿಯಿದೆ ಎಂದೆ ಅಂದಳು. ಆಮೇಲೆ ಮನಸ್ಸು ತಡೆಯದೆ ಮ್ಯಾನೇಜರನ ಬಳಿ ಹೋಗಿ ಹೇಳಿದ್ದಳು. ಆತ ಎಲ್ಲವನ್ನೂ ಕೇಳಿಸಿಕೊಂಡು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಮಿಕ್ಕದ್ದು ನನಗೆ ಬಿಡು ಎಂದಿದ್ದ.

ಇನ್ಸ್‌ಪೆಕ್ಟರ್ ಗೋಡೆಯಾಚೆಯ ಓಣಿಗೆ ಹೋಗಿ ನೋಡಿಬಂದಳು. ಸಪ್ಪೆ ನೀರಿನ ವಾಲ್ವು ಅಲ್ಲಿತ್ತು. ಬೀಗವಿಲ್ಲ, ಕಾವಲಿಲ್ಲ. ಕೆಂಪು ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ನೀರು ನುಗ್ಗುತ್ತದೆ. ಮುಚ್ಚಿದರೆ ಏನೂ ನಡೆದೇ ಇಲ್ಲವೆಂಬಂತೆ ಪರದೆಯ ಮೇಲೆ ಸೊನ್ನೆ. ಊಟದ ಹೊತ್ತಿನಲ್ಲಿ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ.

ಕೊಲೆಗಾರ ಮಾಡಿದ್ದು ಆ ಹಿಡಿ ತಿರುಗಿಸಿದ್ದಷ್ಟೇ. ಅಷ್ಟನ್ನು ಮಾಡಲು ಯಾರಿಂದಲೂ ಆಗುತ್ತಿತ್ತು. ಆದರೆ ಮಾಡಿದರೆ ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯ, ಮೀಟರಿನ ಗುಟ್ಟು ತಿಳಿದವರಿಗೆ ಮಾತ್ರ ಇರಲು ಸಾಧ್ಯ.

"ಮಾಮ, ಮ್ಯಾನೇಜರನ್ನ ಇಲ್ಲಿಗೇ ಕರ್ಕೊಂಡು ಬನ್ನಿ," ಎಂದಳು.

ಮ್ಯಾನೇಜರನ ಜೊತೆಯಲ್ಲಿ ಇನ್ನೊಬ್ಬರೂ ಬಂದರು. ಸತ್ತವನ ಹೆಂಡತಿ. ಇನ್ಸ್‌ಪೆಕ್ಟರ್ ಠಾಣೆಯಲ್ಲಿ ಇಲ್ಲವೆಂದು ತಿಳಿದು ನೇರ ಕಾರ್ಖಾನೆಗೇ ಬಂದಿದ್ದಳು. ಗಂಡ ಸತ್ತ ಜಾಗವನ್ನು ಒಮ್ಮೆ ನೋಡಬೇಕು ಎಂದಳು. ಇನ್ಸ್‌ಪೆಕ್ಟರ್ ಅಡ್ಡಿಪಡಿಸಲಿಲ್ಲ. ಮ್ಯಾನೇಜರ್ ಅವಳ ಸ್ವಂತ ಅಣ್ಣ; ಆದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಅವರು ಮಾತು ಬಿಟ್ಟು ವರ್ಷವಾಯಿತೆಂದು ಇನ್ಸ್‌ಪೆಕ್ಟರ್ ಕೇಳಿದ್ದಳು. ಕಾರಣವನ್ನು ಮಾತ್ರ ಇಬ್ಬರೂ ಹೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಪೀಠಿಕೆ ಹಾಕಲಿಲ್ಲ. ಎಂಜಿನಿಯರಳನ್ನು ಓಣಿಗೆ ಕಳಿಸಿದಳು, ಮೀಸೆ ಮಾಮನನ್ನು ಟಾರ್ಚ್ ಕೊಟ್ಟು ಟ್ಯಾಂಕಿನ ನೆತ್ತಿಗೆ ಹತ್ತಿಸಿದಳು. ಮ್ಯಾನೇಜರನ ಬಲಗೈ ಹಿಡಿದು ಮೀಟರಿನ ಪಕ್ಕದಲ್ಲಿ ಪೈಪಿನ ಮೇಲೆ ಇಡಿಸಿದಳು.

"ತೆಗೀಬೇಡಿ. ಕಣ್ಣು ಮೀಟರಿನ ಮೇಲಿರಲಿ."

ಮೊದಲು ಉಪ್ಪುನೀರು ಬಂತು. ಪರದೆಯ ಮೇಲೆ ಅಂಕಿಗಳು ತಟಕ್ಕನೆ ಎದ್ದು ಏರತೊಡಗಿದವು. ಮ್ಯಾನೇಜರ್ ಅವನ್ನು ಓದಿ ಹೇಳಿದ. ಇನ್ಸ್‌ಪೆಕ್ಟರ್ ಓಣಿಯ ಕಡೆಗೆ ಕೂಗಿದಳು. ಓಣಿಯಲ್ಲಿ ಒಂದು ವಾಲ್ವು ಮುಚ್ಚಿ ಇನ್ನೊಂದು ತೆರೆದ ಸದ್ದು ಕೇಳಿಸಿತು. ಅಂಕಿಗಳು ಒಂದು ಗಳಿಗೆ ತಡವರಿಸಿದವು, ಕುಸಿದವು, ಸೊನ್ನೆಯಾದವು. ಕೆಳಗೆ ಪುಟ್ಟ ಅಕ್ಷರಗಳು ಮೂಡಿದವು: ಪೈಪ್ ಖಾಲಿ.

ಮ್ಯಾನೇಜರನ ಅಂಗೈಯಡಿಯಲ್ಲಿ ಪೈಪು ನಡುಗುತ್ತಿತ್ತು.

"ಈಗೇನು ತೋರಿಸ್ತಿದೆ?"

"ಸೊನ್ನೆ," ಎಂದ ಆತ.

"ನಿಮ್ಮ ಕೈ ಏನು ಹೇಳ್ತಿದೆ?"

ತಣ್ಣನೆಯ ನೀರು ಹರಿದು ಪೈಪಿನ ಹೊರಮೈ ಬೆವರತೊಡಗಿತ್ತು. ಮೇಲಿನಿಂದ ಮೀಸೆ ಮಾಮನ ದನಿ ಟ್ಯಾಂಕಿನೊಳಗೆಲ್ಲ ಮೊಳಗಿ ಬಂತು. ನೀರು ಬುಡದ ಬಾಯಿಂದ ಚಿಮ್ಮಿ ಎದುರು ಗೋಡೆಗೆ ಅಪ್ಪಳಿಸುತ್ತಿದೆ, ಅದರ ಎದುರು ಯಾರಿದ್ದರೂ ಕಾಲು ನಿಲ್ಲದು ಎಂದ. ಸ್ವಲ್ಪ ಹೊತ್ತಿಗೆ ಮೊಣಕಾಲುಮಟ್ಟ ಅಂದ. ಆಮೇಲೆ ಸೊಂಟ ಅಂದ.

ಇನ್ಸ್‌ಪೆಕ್ಟರ್ ಆ ದಿನವನ್ನು ಮನಸ್ಸಿನಲ್ಲೇ ಕಂಡಳು. ಸೆಲ್ ಮುಗಿದ ಟಾರ್ಚು, ಬೆನ್ನಿಗೆ ಬಂದು ಬಡಿದ ನೀರು, ಉಕ್ಕಿನ ಗೋಡೆಗೆ ಒಡೆದ ತಲೆ. ಎದ್ದು ನಿಂತಿದ್ದರೆ ಎದೆಮಟ್ಟದ ನೀರಿನಲ್ಲಿ ಆ ಮನುಷ್ಯ ಸಾಯುತ್ತಿರಲಿಲ್ಲ. ಪ್ರಜ್ಞೆ ತಪ್ಪಿ ಬಿದ್ದವನಿಗೆ ಮೊಣಕಾಲುಮಟ್ಟದ ನೀರೂ ಹೆಚ್ಚೇ.

ನೀರು ನಿಲ್ಲಿಸಿ ಎಂದು ಕೂಗಿದಳು. ಹಾಲ್ ನಿಶ್ಶಬ್ದವಾಯಿತು.

"ಮೀಟರ್ ಸುಳ್ಳು ಹೇಳಲ್ಲ ಅಂತ ಸ್ಟೇಟ್‌ಮೆಂಟ್ ಕೊಟ್ಟಿದೀರಿ."

"ಸುಳ್ಳು ಹೇಳಿಲ್ಲವಲ್ಲ ಮೇಡಂ," ಮ್ಯಾನೇಜರ್ ಪೈಪಿನಿಂದ ಕೈ ತೆಗೆದು ಅಂಗಿಗೆ ಒರೆಸಿಕೊಂಡ. "ಅದಕ್ಕೆ ಕಾಣಲ್ಲ, ಅಷ್ಟೆ."

"ನಿಮಗೆ ಮೊದಲಿಂದಲೂ ಗೊತ್ತಿತ್ತು."

"ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದೀನಿ. ಗೊತ್ತಿಲ್ಲ ಅಂದ್ರೆ ನೀವು ನಂಬ್ತೀರಾ?"

ಗೊತ್ತಿದ್ದೂ ಒಬ್ಬ ನಿರಪರಾಧಿಯನ್ನು ಲಾಕಪ್ಪಿಗೆ ತಳ್ಳಿದಿರಿ ಎಂದಳು ಇನ್ಸ್‌ಪೆಕ್ಟರ್. ಆಪರೇಟರನ ಮಕ್ಕಳು ಅಪ್ಪ ಎಲ್ಲಿ ಎಂದು ಠಾಣೆಯ ಬಾಗಿಲಿಗೆ ಬಂದಿದ್ದನ್ನು ಹೇಳಿದಳು. ಎಂಜಿನಿಯರಳ ಬಾಯಿ ಮುಚ್ಚಿಸಿದ್ದನ್ನೂ ಎತ್ತಿ ಆಡಿದಳು. ದನಿ ಏರಿಸಲಿಲ್ಲ. ಒಂದೊಂದೇ ಮಾತನ್ನು ಆತನ ಮುಂದಿಟ್ಟು, ಆತ ಅದನ್ನು ನುಂಗುವವರೆಗೆ ಕಾದಳು. ಕೊನೆಗೆ, ಹೀಗೆ ಸಾಕ್ಷಿ ಮುಚ್ಚಿಡುವವರು ಒಂದೇ ಥರದವರು, ತಾವೇ ಮಾಡಿದವರು ಎಂದಳು.

"ನಾನು ಆ ವಾಲ್ವ್ ಮುಟ್ಟಿಲ್ಲ," ಎಂದ ಮ್ಯಾನೇಜರ್. "ನನ್ನ ತಂಗಿ ಗಂಡ ಅವನು. ಮನೇಲಿ ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನ ಹಚ್ಚಿಕೊಂಡಿದ್ದೋನು ಅವನೇ. ಭಾವ ಭಾವ ಅಂತ ಬಾಯಿ ತುಂಬ ಕರೀತಿದ್ದ."

"ಹಾಗಿದ್ರೆ ಯಾರನ್ನ ಕಾಪಾಡ್ತಿದೀರಿ?"

ಇನ್ಸ್‌ಪೆಕ್ಟರ್ ಪ್ರಶ್ನೆಯನ್ನು ಬೇರೆ ದಾರಿಯಿಂದ ತಂದಳು. ಮೀಟರಿಗೆ ಸಪ್ಪೆ ನೀರು ಕಾಣುವುದಿಲ್ಲ ಎಂಬುದು ಈ ಕಾರ್ಖಾನೆಯಲ್ಲಿ ಯಾರಿಗೆಲ್ಲ ಗೊತ್ತು? ತೊಳೆಯುವವರಿಗೆ ಗೊತ್ತಿಲ್ಲ, ಅವರು ಪರದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆಪರೇಟರನಿಗೆ ಗೊತ್ತಿದ್ದರೆ ಮೊದಲ ದಿನವೇ ಬಾಯಿಬಿಟ್ಟು ತನ್ನ ತಲೆ ಉಳಿಸಿಕೊಳ್ಳುತ್ತಿದ್ದ. ಉಳಿದದ್ದು ಮ್ಯಾನೇಜರ್ ಮತ್ತು ಈ ಎಂಜಿನಿಯರ್. ಎಂಜಿನಿಯರ್ ಆ ದಿನ ರಜೆಯಲ್ಲಿದ್ದಳು, ಊರಲ್ಲೇ ಇರಲಿಲ್ಲ. ಅದನ್ನು ಮೀಸೆ ಮಾಮ ವಿಚಾರಿಸಿ ಬಂದಿದ್ದ.

"ಅಂದ್ರೆ ನೀವೊಬ್ಬರೇ," ಎಂದಳು.

"ಒಬ್ಬನೇ ಅಲ್ಲ."

ಆತ ಹಾಗೆಂದದ್ದು ನೆಲ ನೋಡಿಕೊಂಡು.

"ಈ ಮೀಟರ್ ಆರಿಸಿ ತರಿಸಿದ್ದು, ಕೂರಿಸಿದ್ದು, ಸೊನ್ನೆ ತೋರಿಸೋ ಹಾಗೆ ಹೊಂದಿಸಿದ್ದು ಈ ಎಂಜಿನಿಯರ್ ಅಲ್ಲ. ಇವರಿಗಿಂತ ಮುಂಚೆ ಇದ್ದೋರು. ಆರು ವರ್ಷ ಇಲ್ಲೇ ಕೆಲಸ ಮಾಡಿ ಹೋದ ವರ್ಷ ನನ್ನ ಜೊತೆ ಜಗಳವಾಡಿ ಬಿಟ್ಟರು."

"ಯಾರು?"

ಮ್ಯಾನೇಜರ್ ತಲೆಯೆತ್ತಿದ. ಹಾಲಿಗೆ ಬಂದ ಮೇಲೆ ಮೊದಲ ಸಲ ತಂಗಿಯ ಕಡೆ ನೋಡಿದ.

"ಇವಳೇ. ಅವತ್ತು ಗಂಡನ ಊಟದ ಡಬ್ಬಿ ಕೊಡೋಕೆ ಬಂದಿದ್ದಳು," ಎಂದ. "ಓಣಿಯಿಂದ ಆಚೆ ಬರೋದನ್ನ ನಾನು ಕಿಟಕಿಯಿಂದ ನೋಡಿದೆ. ನೋಡಿದೋನು ನಾನೊಬ್ಬನೇ. ಒಂದೇ ಹೊಟ್ಟೇಲಿ ಹುಟ್ಟಿದೋಳು ಮೇಡಂ. ನಾನು ಹೇಗೆ ಹೇಳಲಿ?"

ಇನ್ಸ್‌ಪೆಕ್ಟರಳ ಕಣ್ಣು ಸತ್ತವನ ಹೆಂಡತಿಯ ಕಡೆ ಹೊರಳಿತು. ದಿನವೂ ಠಾಣೆಯ ಬೆಂಚಿನ ಮೇಲೆ ಕೂತು ಇದು ಕೊಲೆ ಎಂದವಳು, ಎಲ್ಲರೂ ಮುಚ್ಚಲು ಹೊರಟಿದ್ದ ಫೈಲನ್ನು ತೆರೆದಿಡಿಸಿದವಳು. ಮಾಡಿದವಳೇ ಆಗಿದ್ದರೆ ಸುಮ್ಮನಿದ್ದರೆ ಸಾಕಿತ್ತು. ಆಪರೇಟರನ ತಲೆಗೆ ಕಟ್ಟಿ ಕೇಸು ತಾನಾಗಿ ಮುಗಿಯುತ್ತಿತ್ತು. ಅದೂ ಅಲ್ಲದೆ ಈಕೆ ಗಂಡನ ಬಗ್ಗೆ ಮಾತಾಡುವಾಗಿನ ಕಣ್ಣುಗಳನ್ನು ಇನ್ಸ್‌ಪೆಕ್ಟರ್ ನೋಡಿದ್ದಳು. ಅದು ನಟನೆಯಲ್ಲ.

"ಇದು ಹೊಂದಲ್ಲ," ಎಂದು ಮ್ಯಾನೇಜರನಿಗೇ ತಿರುಗಿ ಹೇಳಿದಳು. "ಗಂಡನನ್ನ ಅವರು ಕೊಲ್ಲಲಿಲ್ಲ. ಅಷ್ಟು ನನಗೆ ಗೊತ್ತಾಗುತ್ತೆ."

"ನನಗೂ ಗೊತ್ತು. ಅವನ ಮೇಲೆ ಪ್ರಾಣಾನೇ ಇಟ್ಟಿದ್ದಳು." ಮ್ಯಾನೇಜರ್ ಟ್ಯಾಂಕಿನ ಕಡೆ ಕೈ ತೋರಿಸಿದ. "ಆದರೆ ಆ ದಿನ ಟ್ಯಾಂಕಿಗೆ ಇಳೀಬೇಕಾಗಿದ್ದೋನು ಅವನಲ್ಲ ಮೇಡಂ. ನಾನು. ಈ ಟ್ಯಾಂಕಿನ ತಪಾಸಣೆ ಯಾವತ್ತೂ ನನ್ನದೇ, ಅದು ಅವಳಿಗೆ ಗೊತ್ತು. ಅವತ್ತು ಬೆಳಿಗ್ಗೆ ಮಂಡಿ ಹಿಡಕೊಂಡಿತ್ತು, ಏಣಿ ಇಳಿಯೋಕೆ ಆಗಲ್ಲ ಅಂದೆ. ನೀವು ಕೂತಿರಿ ಭಾವ, ನಾನು ಇಳೀತೀನಿ ಅಂತ ಅವನೇ ಹೊರಟ. ಆಪರೇಟರ್ ಬಿಟ್ಟರೆ ಇದು ಇನ್ಯಾರಿಗೂ ಗೊತ್ತಿರಲಿಲ್ಲ."

ಮೀಸೆ ಮಾಮ ಮೆಟ್ಟಿಲಿನ ನಡುವೆಯೇ ನಿಂತುಬಿಟ್ಟ. ಓಣಿಯಿಂದ ಮರಳಿದ್ದ ಎಂಜಿನಿಯರ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಸತ್ತವನ ಹೆಂಡತಿ ಇಲ್ಲ ಎನ್ನಲಿಲ್ಲ, ಅಳಲಿಲ್ಲ, ಇನ್ಸ್‌ಪೆಕ್ಟರಳ ಕಡೆ ತಿರುಗಲೂ ಇಲ್ಲ. ಮೆಟ್ಟಿಲನ್ನು ಬಳಸಿಕೊಂಡು ನಿಧಾನಕ್ಕೆ ನಡೆದು ಅಣ್ಣನ ಎದುರು ಬಂದು ನಿಂತಳು. ವರ್ಷದಿಂದ ಆಡದೆ ಉಳಿದಿದ್ದ ಮಾತು ಆಗ ಅವಳ ಬಾಯಿಂದ ಬಂತು.

"ಇವತ್ತು ನಾನು ಇಳಿಯಲ್ಲ ಅಂತ ಒಂದೇ ಒಂದು ಮಾತು ನನಗೆ ಯಾಕೆ ಹೇಳಲಿಲ್ಲ, ಅಣ್ಣ?"